ಸೇತುವೆ ದಾಟಿ ಬಂದ ಒಲೆ

ಮೊದಲಿಗೆ ಓದುಗರಲ್ಲಿ ಕ್ಷಮೆ ಕೇಳಿಕೊಳ್ಳುತ್ತೇನೆ. ನಾನು ಬರಹಗಾರಳಲ್ಲ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಆ ಕಾರಣದಿಂದಲೋ ಏನೋ, ಒಂದು ವಾಕ್ಯ ಬರೆದ ಮೇಲೆ ಅದು ಸರಿಯಾಗಿದೆಯೇ ಎಂದು ಮತ್ತೆ ಮತ್ತೆ ಓದಿ ನೋಡದೆ ಮುಂದಿನದಕ್ಕೆ ಹೋಗುವ ಧೈರ್ಯ ನನಗಿಲ್ಲ. ಅಮೆರಿಕಕ್ಕೆ ಹೋಗಿ ಬಂದವರು ವರ್ಣಿಸುವ ಜಲಪಾತಗಳನ್ನಾಗಲಿ ಮುಗಿಲು ಮುಟ್ಟುವ ಕಟ್ಟಡಗಳನ್ನಾಗಲಿ ನಾವು ನೋಡಲಿಲ್ಲ. ನಾವು ನೋಡಿದ್ದು ಒಂದು ನದಿ, ಒಂದು ಮೇಜು ಮತ್ತು ಒಂದು ನ್ಯಾಯಾಲಯ. ಕಾನೂನಿನ ಮಾತುಗಳನ್ನು ನನಗೆ ಅರ್ಥವಾದಷ್ಟು ಮಾತ್ರ ಬರೆದಿದ್ದೇನೆ. ತಪ್ಪಿದ್ದಲ್ಲಿ ತಿಳಿದವರು ತಿದ್ದಿಕೊಳ್ಳಬೇಕು.

ಆಂಟಾಪ್ ಹಿಲ್

ನನ್ನ ಅಪ್ಪ ಅಡುಗೆಯವರು. ಕಾರ್ಕಳದ ಕಡೆಯಿಂದ ಮುಂಬಯಿಗೆ ಬಂದು ಆಂಟಾಪ್ ಹಿಲ್‌ನಲ್ಲಿ ನೆಲೆಸಿ, ಹೊಟೇಲಿನ ಹಿಂಬದಿಯಲ್ಲಿ ಪಾತ್ರೆ ತೊಳೆಯುವಲ್ಲಿಂದ ಆರಂಭಿಸಿ, ರುಬ್ಬುವ ಕಲ್ಲಿಗೆ, ಅಲ್ಲಿಂದ ದೋಸೆ ಕಾವಲಿಗೆ, ಕೊನೆಗೆ ವಿಲೆ ಪಾರ್ಲೆಯ ಒಬ್ಬ ಕೇಟರಿಂಗ್ ಮಾಲೀಕರಲ್ಲಿ ಮುಖ್ಯ ಅಡುಗೆಯವರಾದರು. ಅಮೆರಿಕದಲ್ಲಿ ನೆಲೆಸಿದ ಮುಂಬಯಿಯ ಒಂದು ಕುಟುಂಬ ತಮ್ಮ ಮಗಳ ಮದುವೆಗೆ ಇಲ್ಲಿಯದೇ ಅಡುಗೆ ಬೇಕೆಂದು ಆ ಮಾಲೀಕರ ತಂಡವನ್ನು ನ್ಯೂಜೆರ್ಸಿ ರಾಜ್ಯಕ್ಕೆ ಕರೆಸಿಕೊಂಡಿತ್ತು. ಮದುವೆಯ ಬೆಳಿಗ್ಗೆ, ಬಾಡಿಗೆಗೆ ತಂದಿದ್ದ ದೊಡ್ಡ ಗ್ಯಾಸ್ ಒಲೆಯ ಕೊಳವೆ ಜೋಡಣೆಯಲ್ಲಿ ಸಡಿಲವಾಗಿ ಬೆಂಕಿ ಮೇಲೆದ್ದಿತು. ಅಪ್ಪನ ಬಲಗೈ ಅಂಗೈಯಿಂದ ಮೊಣಕೈಯವರೆಗೆ ಸುಟ್ಟಿತು.

ಗಾಯ ಮಾಗಿತು. ಆದರೆ ಹೊಸ ಚರ್ಮ ಬಿಗಿದುಕೊಂಡು ಬೆರಳುಗಳು ಅರ್ಧ ಮಡಚಿದ ಹಾಗೆಯೇ ನಿಂತವು. ಬಿಚ್ಚಲೂ ಬಾರದು, ಮುಚ್ಚಲೂ ಬಾರದು. ಶಸ್ತ್ರಚಿಕಿತ್ಸೆಯಿಂದ ಬಿಡಿಸಬಹುದು, ಆದರೆ ತಡವಾದಷ್ಟೂ ಕಷ್ಟ ಎಂದು ಇಲ್ಲಿಯ ವೈದ್ಯರು ಹೇಳಿದರು. ನಮ್ಮಿಂದ ಭರಿಸಲಾಗದ ಚಿಕಿತ್ಸೆ ಅದು. ವಧುವಿನ ಸೋದರಮಾವ, ಪಾಪಭೀರು ಮನುಷ್ಯರು, ಅಲ್ಲಿಯ ರೂತ್ ಎಂಬ ವಕೀಲೆಗೆ ನಮ್ಮ ವಿಷಯ ತಿಳಿಸಿದರು. ಗೆದ್ದರೆ ಮಾತ್ರ ಶುಲ್ಕ ಪಡೆಯುವ ಪದ್ಧತಿ ಅಲ್ಲಿದೆಯಂತೆ. ಆಕೆ ಒಲೆ ಬಾಡಿಗೆಗೆ ಕೊಡುವ ಕಂಪನಿಯ ಮೇಲೆ ನ್ಯೂಜೆರ್ಸಿಯಲ್ಲಿ ದಾವೆ ಹೂಡಿದರು.

ಕಂಪನಿ ತನ್ನ ಉತ್ತರದಲ್ಲಿ ಒಲೆಯ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. 'ನಾವು ನದಿಯ ಆಚೆ, ಪೆನ್ಸಿಲ್ವೇನಿಯಾ ರಾಜ್ಯದವರು. ಮದುವೆಯ ಮಂಟಪದವರು ನಮ್ಮ ಅಂಗಳಕ್ಕೆ ಬಂದು ಒಲೆ ಒಯ್ದರು. ಎಲ್ಲಿಗೆ ಒಯ್ದರೆಂಬುದು ನಮಗೆ ಸಂಬಂಧಿಸಿದ್ದಲ್ಲ. ನಮ್ಮ ಕಡೆಯ ಯಾರೂ ವ್ಯಾಪಾರಕ್ಕೆಂದು ನದಿ ದಾಟಿದ್ದಿಲ್ಲ. ಆದ್ದರಿಂದ ನ್ಯೂಜೆರ್ಸಿಯ ನ್ಯಾಯಾಲಯಕ್ಕೆ ನಮ್ಮನ್ನು ಕರೆಯುವ ಅಧಿಕಾರವೇ ಇಲ್ಲ. ದಾವೆಯನ್ನು ಆರಂಭದಲ್ಲೇ ವಜಾ ಮಾಡಬೇಕು' ಎಂದು ಕೇಳಿಕೊಂಡಿತು.

ನಾನು ಇದನ್ನು ಅಪ್ಪನಿಗೆ ವಿವರಿಸಿದೆ. ಅವರು ಕೇಳಿಸಿಕೊಂಡು, "ಸುಟ್ಟದ್ದು ಅಲ್ಲಿ. ಕೇಸು ಅಲ್ಲಿ. ಮತ್ತೆ ಎಂತದಂತೆ ಅವರದ್ದು?" ಎಂದರು.

"ಸುಟ್ಟದ್ದು ಅಲ್ಲಿ ಎಂದರೆ ಸಾಲದಂತೆ ಅಪ್ಪ. ಕಂಪನಿ ತಾನಾಗಿ ಆ ರಾಜ್ಯಕ್ಕೆ ವ್ಯಾಪಾರಕ್ಕೆ ಬಂದಿರಬೇಕು. ಹಾಗಿದ್ದರೆ ಮಾತ್ರ ಅಲ್ಲಿಯ ಕೋರ್ಟು ಕರೆಯಬಹುದು."

"ಓಹೋ. ಬಂದ ನೆಂಟನಾ, ಎಳೆದು ತಂದ ನೆಂಟನಾ ಅಂತ ಮೊದಲು ನೋಡ್ತಾರೆ."

ಕಾನೂನಿನ ಪುಸ್ತಕ ಇದಕ್ಕಿಂತ ಸ್ಪಷ್ಟವಾಗಿ ಹೇಳುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ನಮ್ಮಲ್ಲಿಯೂ ಇದು ಹೊಸತೇನಲ್ಲ. ಕಳವಾಯಿತೆಂದು ಪೊಲೀಸ್ ಚೌಕಿಗೆ ಹೋದರೆ, ಕಳ್ಳನ ಬಗ್ಗೆ ಕೇಳುವ ಮೊದಲು 'ರಸ್ತೆಯ ಯಾವ ಬದಿ?' ಎಂದು ಕೇಳುತ್ತಾರೆ. ಆದರೆ ಇಲ್ಲಿ ಒಂದು ಚೌಕಿ ಅಲ್ಲವೆಂದರೆ ಇನ್ನೊಂದಕ್ಕೆ ಹೋಗಬಹುದು. ಅಲ್ಲಿ ನಮಗೆ ಆ ದಾರಿಯೂ ಇರಲಿಲ್ಲ. ಕಂಪನಿಯ ರಾಜ್ಯದಲ್ಲಿ ಇಂಥ ದಾವೆ ಹೂಡಲು ಇದ್ದ ಅವಧಿ ಅಷ್ಟರಲ್ಲಿ ಮುಗಿದುಹೋಗಿತ್ತು. ನ್ಯೂಜೆರ್ಸಿಯಲ್ಲಿ ವಜಾ ಆದರೆ ಎಲ್ಲಿಯೂ ಇಲ್ಲ. ಯಾರ ತಪ್ಪು ಎಂಬ ಪ್ರಶ್ನೆಯನ್ನು ಯಾರೂ ಕೇಳದೆಯೇ ಎಲ್ಲವೂ ಮುಗಿಯುತ್ತಿತ್ತು.

ನ್ಯಾಯಾಲಯ ಅಧಿಕಾರದ ಈ ಒಂದು ಪ್ರಶ್ನೆಯ ಮಟ್ಟಿಗೆ ವಿಚಾರಣೆಗೆ ಅವಕಾಶ ಕೊಟ್ಟಿತು. ಅಪ್ಪ ಎದುರಿಗೇ ಬಂದು ಕುಳಿತು ಉತ್ತರಿಸಬೇಕೆಂದು ಕಂಪನಿಯ ವಕೀಲರು ಪಟ್ಟುಹಿಡಿದರು. ಬಡವರು ಅಷ್ಟು ದೂರ ಬರಲಾರರೆಂದು ಅವರು ಎಣಿಸಿರಬಹುದು. ಹೋಗಲೇಬೇಕೆಂದು ನಾನು ನಿರ್ಧರಿಸಿದ್ದು ಆ ಗಳಿಗೆಯಲ್ಲಿ. ಅಂಧೇರಿಯ ನನ್ನ ಕಚೇರಿಯಲ್ಲಿ ರಜೆ ಕೇಳಿದೆ. ಅಮ್ಮ ದೇವರ ಮುಂದೆ ಕಾಣಿಕೆ ತೆಗೆದಿಟ್ಟರು. ತಮ್ಮ ಪ್ರಜ್ವಲ್ ಕನ್ನಡ, ಹಿಂದಿ ಎರಡನ್ನೂ ಕಲಸಿಯೇ ಮಾತನಾಡುವವನು. ಅವನು ಧೈರ್ಯ ಹೇಳಿದ್ದು ಹೀಗೆ: "ಅಕ್ಕ, ಟೆನ್ಶನ್ ಮತ್ ಲೇ. ನೀನು ಬೀಚ್ ಮೇ ಬಾಯಿ ಹಾಕ್ಬೇಡ, ಬಸ್. ಅಪ್ಪ ಸಂಭಾಲಿಸ್ತಾರೆ."

ವಿಮಾನ ಇಳಿದ ಮೇಲೆ

ವಿಮಾನದಲ್ಲಿ ಕೊಟ್ಟ ಅನ್ನವನ್ನು ಅಪ್ಪ ಬೆರಳಿನಲ್ಲಿ ಒತ್ತಿ ನೋಡಿ, "ನೀರು ಬಸಿಯದೆ ದಮ್ಮಿಗೆ ಹಾಕಿದ್ದಾರೆ, ಪಾಪ" ಎಂದು ಕನಿಕರದಿಂದ ಉಂಡರು. ಅದನ್ನು ಬಿಟ್ಟರೆ ಆಕಾಶದಲ್ಲಿ ಹೇಳುವಂಥದ್ದು ಏನೂ ನಡೆಯಲಿಲ್ಲ. ಅವಾಂತರವಾದದ್ದು ನೆಲ ಮುಟ್ಟಿದ ಮೇಲೆ.

ದೇಶದ ಒಳಗೆ ಬಿಡುವ ಮುನ್ನ ಗಾಜಿನ ಮೇಲೆ ಬೆರಳುಗಳನ್ನು ಚಪ್ಪಟೆಯಾಗಿ ಇಡಬೇಕು. ಅಪ್ಪನ ಬಲಗೈ ಚಪ್ಪಟೆಯಾಗುವುದಿಲ್ಲ. ಬೆರಳ ತುದಿಗಳಲ್ಲಿ ಗೆರೆಗಳೂ ಉಳಿದಿಲ್ಲ. ಯಂತ್ರ ಒಪ್ಪಲಿಲ್ಲ. ಅಧಿಕಾರಿ ಮತ್ತೊಮ್ಮೆ, ಮಗದೊಮ್ಮೆ ಇಡಿಸಿದರು. ಬಳಿಕ ಆ ಕೈಯನ್ನು ನೋಡಿ, ಏನಾಯಿತು ಎಂದು ಕೇಳಿದರು. ನಾನು ಸರಿಯಾದ ಇಂಗ್ಲಿಷ್ ವಾಕ್ಯವೊಂದನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಅಪ್ಪ ತಮ್ಮ ಹೊಟೇಲ್ ಇಂಗ್ಲಿಷಿನಲ್ಲಿ, "ಯುವರ್ ಸ್ಟೋವ್" ಎಂದುಬಿಟ್ಟರು.

ನಿಮ್ಮ ಒಲೆ! ನಮ್ಮನ್ನು ಒಂದು ಕೋಣೆಯಲ್ಲಿ ಕುಳ್ಳಿರಿಸಿದರು. ಅಲ್ಲಿ ಇನ್ನೊಬ್ಬ ಅಧಿಕಾರಿ ರೂತ್ ಅವರ ಪತ್ರ ಓದಿ, ಎಡಗೈ ಬೆರಳುಗಳನ್ನು ಒತ್ತಿಸಿಕೊಂಡು, ಮುದ್ರೆ ಹಾಕಿ, ಅಪ್ಪನ ಭುಜ ಮುಟ್ಟಿ ಒಳ್ಳೆಯದಾಗಲಿ ಎಂದರು. ಹೊರಗೆ ಬಂದ ಮೇಲೆ ನಾನು ಸ್ವಲ್ಪ ಗದರಿಸಿಯೇ ಹೇಳಿದೆ: "ಅಪ್ಪ, ಹಾಗೆಲ್ಲ ಹೇಳಬಾರದು."

"ಸುಳ್ಳು ಹೇಳಿದೆನಾ? ಒಲೆ ಅವರದ್ದೇ ಅಲ್ವಾ?"

ನದಿಯ ಈಚೆ

ನಮಗೆ ತಂಗಲು ಸಿಕ್ಕಿದ್ದು ನದಿ ದಂಡೆಯ ಸಣ್ಣ ಊರಿನ ಒಂದು ಮೋಟೆಲ್. ಊರಿನಲ್ಲಿ ಸದ್ದೇ ಇಲ್ಲ. ಕಿಟಕಿ ತೆರೆದರೆ ಹಾರ್ಬರ್ ಲೈನಿನ ಲೋಕಲ್ ರೈಲಿನ ಸದ್ದು ಕೇಳಿಯೇ ನಿದ್ದೆಹೋಗುವ ನಮಗೆ ಆ ಮೌನ ಜ್ವರ ಬಂದವರ ಮನೆಯ ಮೌನದಂತೆ ಅನ್ನಿಸಿತು. ಎದುರಾದವರೆಲ್ಲ 'ಹೇಗಿದ್ದೀರಿ?' ಎಂದು ಕೇಳುತ್ತಾರೆ. ಆದರೆ ಉತ್ತರಕ್ಕೆ ನಿಲ್ಲುವುದಿಲ್ಲ. ಅಪ್ಪ ಪ್ರತಿಯೊಬ್ಬರಿಗೂ ನಿಂತು ಉತ್ತರಿಸಲು ಹೊರಟು, ಅವರ ಬೆನ್ನಿಗೆ ತಮ್ಮ ಕ್ಷೇಮಸಮಾಚಾರ ಹೇಳುತ್ತಿದ್ದರು.

ರಸ್ತೆ ದಾಟುವುದು ಇನ್ನೊಂದು ಕಥೆ. ಅಲ್ಲಿ ಪಾದಚಾರಿ ಕಂಡರೆ ಕಾರು ನಿಲ್ಲುತ್ತದೆ. ಮುಂಬಯಿಯಲ್ಲಿ ಕಾರು ಹೋಗಲೆಂದು ನಿಂತು ಬೆಳೆದವರು ನಾವು. ಅಪ್ಪ ಕಾರು ಹೋಗಲೆಂದು ನಿಂತರು. ಕಾರಿನಾಕೆ ಅಪ್ಪ ಹೋಗಲೆಂದು ನಿಂತರು. ಆಕೆ ಕೈಬೀಸಿದರು, ಅಪ್ಪ ನಮಸ್ಕರಿಸಿದರು. ಹಿಂದೆ ಕಾರುಗಳ ಸಾಲು ಬೆಳೆಯಿತು. ಒಬ್ಬರೂ ಹಾರ್ನ್ ಹೊಡೆಯಲಿಲ್ಲ. ಕೊನೆಗೆ ನಾನು ಅಪ್ಪನ ತೋಳು ಹಿಡಿದು ಎಳೆದೊಯ್ಯಬೇಕಾಯಿತು.

ರೂತ್ ಮೋಟೆಲಿಗೇ ಬಂದು ಅಪ್ಪನನ್ನು ಸಿದ್ಧಪಡಿಸಿದರು. ಗಿಡ್ಡ ಕೂದಲಿನ, ಬೇಗ ಬೇಗ ನಡೆಯುವ ಹೆಂಗಸು. ಎದುರು ಪಕ್ಷದವರ ಪ್ರಶ್ನೆಗೆ ಹೌದು, ಇಲ್ಲ, ಗೊತ್ತಿಲ್ಲ, ನೆನಪಿಲ್ಲ, ಇಷ್ಟರಲ್ಲೇ ಉತ್ತರ ಮುಗಿಯಬೇಕು. ಕೇಳದ್ದನ್ನು ಹೇಳಬಾರದು ಎಂದು ವಿವರಿಸಿದರು. ನಾನು ಕನ್ನಡದಲ್ಲಿ ಹೇಳಿದೆ.

"ಬಡಿಸುವವನಿಗೆ ಹೀಗೆ ಕಲಿಸಿದರೆ ಪಂಕ್ತಿ ಎದ್ದು ಹೋಗ್ತದೆ," ಎಂದರು ಅಪ್ಪ. "ಕೇಳಿದಷ್ಟೇ ಹಾಕುವುದಾ?"

"ಇಲ್ಲಿ ಅಷ್ಟೇ ಅಪ್ಪ. ಕೇಳಿದಷ್ಟೇ."

ರೂತ್ ಮತ್ತೊಮ್ಮೆ ಕೇಳಿದರು: ಕಂಪನಿಯೊಂದಿಗೆ ಅಪ್ಪನಿಗೆ ಯಾವ ವ್ಯವಹಾರವೂ ಇರಲಿಲ್ಲವೇ? ಈ ಹಿಂದೆ ಮುಂಬಯಿಯಿಂದ ಕೊಟ್ಟ ಹೇಳಿಕೆಯಲ್ಲೂ ಅಪ್ಪ ಇಲ್ಲವೆಂದೇ ಹೇಳಿದ್ದರು. ಈಗಲೂ ಇಲ್ಲ ಎಂದರು. ರೂತ್ ಅವರ ಮುಖ ಕಳೆಗುಂದಿದ್ದು ನನಗೆ ಕಾಣಿಸಿತು. ಕಂಪನಿ ನದಿ ದಾಟಿ ಬಂದಿತ್ತೆಂದು ತೋರಿಸಲು ಆಕೆಯ ಕೈಯಲ್ಲಿ ಬೇರೇನೂ ಇರಲಿಲ್ಲ. ಮಂಟಪದವರು ಅಂಗಡಿ ಮುಚ್ಚಿ ಎಲ್ಲಿಗೋ ಹೋಗಿದ್ದರು.

ಸೇತುವೆ

ಅಪ್ಪನಿಗೆ ಆ ನದಿಯನ್ನು ನೋಡಲೇಬೇಕಿತ್ತು. ಹೋದೆವು. ಹಳೆಯ ಕಬ್ಬಿಣದ ಸೇತುವೆ. ಬದಿಯಲ್ಲಿ ನಡೆದು ಹೋಗುವವರಿಗೆ ಮರದ ಹಲಗೆಯ ದಾರಿ. ಆಚೆ ದಂಡೆಯಲ್ಲಿ ಒಂದು ನಾಯಿ ಬೊಗಳಿದರೆ ಈಚೆಗೆ ಕೇಳಿಸುವಷ್ಟು ಸಣ್ಣ ನದಿ.

"ಇಷ್ಟೇಯಾ?" ಎಂದರು ಅಪ್ಪ. "ನಮ್ಮ ಮುಂಬಯಿಯ ಮಾಹಿಮಿನ ಖಾಡಿ ಇದಕ್ಕಿಂತ ದೊಡ್ಡದುಂಟು."

ಸೇತುವೆಯ ನಡುವೆ ಎರಡು ರಾಜ್ಯಗಳ ಹೆಸರು ಕೊರೆದ ಒಂದು ಫಲಕವಿತ್ತು. ಅಪ್ಪ ಒಂದು ಕಾಲು ಈಚೆ, ಒಂದು ಕಾಲು ಆಚೆ ಇಟ್ಟು ನಿಂತರು. ಸೈಕಲ್ಲಿನಲ್ಲಿ ಬಂದ ಮುದುಕರೊಬ್ಬರು ಇಳಿದು, ಫೋಟೊ ತೆಗೆಯಲೇ ಎಂದು ಕೇಳಿದರು. ಅವರ ಪ್ರಕಾರ ಎಲ್ಲ ಪ್ರವಾಸಿಗರೂ ಹೀಗೆಯೇ ನಿಲ್ಲುತ್ತಾರಂತೆ. ನಾವು ನಕ್ಕು ಫೋಟೊ ತೆಗೆಸಿಕೊಂಡೆವು. ಆದರೆ ನನಗೆ ಒಳಗೊಳಗೇ ಸಿಟ್ಟು ಬಂದಿತ್ತು. ಈಚೆ ಕಾಲಿನ ಕಡೆ ಅಪ್ಪನ ಕೈ ಸರಿಯಾಗುವ ದಾರಿ ಇದೆ; ಆಚೆ ಕಾಲಿನ ಕಡೆ ಇಲ್ಲ. ಒಂದು ಫಲಕ ಇದನ್ನು ತೀರ್ಮಾನಿಸುವುದಾದರೆ, ಆ ಫಲಕಕ್ಕೆ ಎದುರಾಗಿ ಹೇಳಬಹುದಾದದ್ದನ್ನು ಹುಡುಕದೆ ವಿಮಾನ ಹತ್ತಬಾರದು ಎಂದುಕೊಂಡೆ.

ಮೇಜು

ಸಾಕ್ಷಿ ಹೇಳುವುದೆಂದರೆ ಕಟಕಟೆ, ಕಪ್ಪು ಕೋಟು, ಮೇಲೆ ನ್ಯಾಯಾಧೀಶರು ಎಂದು ನಾನು ಕಲ್ಪಿಸಿಕೊಂಡಿದ್ದೆ. ಅಲ್ಲಿ ಒಂದು ಕಚೇರಿಯ ಉದ್ದನೆಯ ಮೇಜು, ಕುಡಿಯುವ ನೀರಿನ ಬಾಟಲಿಗಳು, ಆಡಿದ್ದೆಲ್ಲವನ್ನೂ ಸದ್ದಿಲ್ಲದ ಯಂತ್ರದಲ್ಲಿ ಬರೆದುಕೊಳ್ಳುವ ಒಬ್ಬ ಮಹಿಳೆ, ಇಷ್ಟೇ. ಕಂಪನಿಯ ವಕೀಲರು ಎತ್ತರದ, ಸಭ್ಯ ಮನುಷ್ಯರು. ಅಪ್ಪನಿಗೆ ಕುರ್ಚಿ ಅವರೇ ಸರಿಸಿಕೊಟ್ಟರು.

ದುಭಾಷಿಯಾಗಿ ಬಂದವರು ಧಾರವಾಡದ ಶ್ರೀಮತಿ ಪಾಟೀಲ. ಕನ್ನಡ ಕೇಳಿ ಅಪ್ಪನ ಮುಖ ಅರಳಿತು. ಆದರೆ ಆಕೆ ಕೈ ಮುಗಿದು, "ನೋಡ್ರೀ ಅಣ್ಣಾರ, ಇನ್ನ ಮ್ಯಾಲೆ ನಿಮ್ಮ ಜೋಡಿ ನಾ ಮಾತಾಡಂಗಿಲ್ಲ. ಅವರು ಅಂದದ್ದು ನಿಮಗ, ನೀವು ಅಂದದ್ದು ಅವರಿಗೆ. ಅಷ್ಟ," ಎಂದರು.

"ಆಯ್ತಮ್ಮ. ನಿಮ್ಮ ಊಟ ಆಯ್ತಾ?"

ಆಕೆ ನಿಯಮ ತಪ್ಪಲಿಲ್ಲ. ಮೇಜಿನ ಕಡೆಗೆ ತಿರುಗಿ ಗಂಭೀರವಾಗಿ, ಸಾಕ್ಷಿದಾರರು ನನ್ನ ಊಟವಾಯಿತೇ ಎಂದು ಕೇಳುತ್ತಿದ್ದಾರೆ ಎಂದು ಇಂಗ್ಲಿಷಿಗೆ ಅನುವಾದಿಸಿದರು. ಯಂತ್ರದ ಮಹಿಳೆ ಅದನ್ನೂ ಬರೆದುಕೊಂಡರು.

ಪ್ರಮಾಣ ಮಾಡಲು ಬಲಗೈ ಎತ್ತಬೇಕೆಂದರು. ಅಪ್ಪ ಎತ್ತಿದರು. ಬೆರಳುಗಳು ಮಡಚಿಕೊಂಡಿದ್ದ ಆ ಕೈಯನ್ನು ನೋಡಿ, ಎಡಗೈಯಾದರೂ ನಡೆಯುತ್ತದೆ ಎಂದು ಕಂಪನಿಯ ವಕೀಲರೇ ಹೇಳಿದರು. "ಇದೇ ಇರಲಿ," ಎಂದರು ಅಪ್ಪ.

ಮೊದಮೊದಲು ಎಲ್ಲವೂ ಕಲಿಸಿದಂತೆ ನಡೆಯಿತು. ಹೌದು. ಇಲ್ಲ. ಗೊತ್ತಿಲ್ಲ. ನಾನು ಕೈಗಳನ್ನು ಮಡಿಲಲ್ಲಿ ಬಿಗಿಹಿಡಿದು ಕುಳಿತಿದ್ದೆ. ನಾನು ತುಟಿ ಬಿಚ್ಚುವ ಹಾಗಿರಲಿಲ್ಲ. ಬಳಿಕ ವಕೀಲರು ಹಿಂದಿನ ಹೇಳಿಕೆಯನ್ನು ಮುಂದಿಟ್ಟುಕೊಂಡರು.

"ಒಲೆಯ ಕಂಪನಿಯೊಂದಿಗೆ ನಿಮಗೆ ಯಾವ ವ್ಯವಹಾರವೂ ಇರಲಿಲ್ಲ. ಸರಿಯೇ?"

"ಸರಿ."

"ಹಾಗಾದರೆ ಆ ಕಂಪನಿಯ ಯಾರನ್ನೂ ನೀವು ಎಂದೂ ಭೇಟಿಯಾಗಿಲ್ಲ."

ಅಪ್ಪ ದುಭಾಷಿಯನ್ನು ನೋಡಿದರು, ನನ್ನನ್ನು ನೋಡಿದರು. "ಡ್ಯಾನಿಯನ್ನು ಸೇರಿಸಿಯಾ, ಬಿಟ್ಟಾ?" ಎಂದು ಕೇಳಿದರು.

ಶ್ರೀಮತಿ ಪಾಟೀಲ ಅನುವಾದಿಸಿದರು. ರೂತ್ ಬರೆಯುತ್ತಿದ್ದ ಪೆನ್ನು ನಿಂತಿತು. ಎತ್ತರದ ವಕೀಲರು ಒಂದು ಕ್ಷಣ ತಡೆದರು. ಆದರೆ ಅವರು ಕೇಳದಿದ್ದರೆ ರೂತ್ ಕೇಳುವುದು ಖಚಿತವಾಗಿತ್ತು. "ಡ್ಯಾನಿ ಎಂದರೆ ಯಾರು?"

"ಒಲೆ ತಂದವ. ಗಡ್ಡ ನೆರೆತವ. ಮದುವೆಯ ಮುನ್ನಾದಿನ ಲಾರಿಯಲ್ಲಿ ತಂದು ಇಳಿಸಿ, ಕೊಳವೆ ಕೂಡಿಸಿ, ಹಚ್ಚಿ ತೋರಿಸಿದ್ದು ಅವನೇ. ನಮ್ಮ ಅಡುಗೆಯವರಲ್ಲಿ ಒಂದು ಪದ್ಧತಿ ಉಂಟು. ಹೊಸ ಒಲೆಗೆ ತೆಂಗಿನಕಾಯಿ ಒಡೆದು ಕುಂಕುಮ ಇಡ್ತೇವೆ. ಮೊದಲ ಪಾಯಸ ಒಲೆ ತಂದವನಿಗೆ. ಅವ ಉಣ್ಣದೆ ಹೋಗಬಾರದು. ಹಾಗೆ ಅವನನ್ನು ಕೂರಿಸಿ, ಎಲೆ ಹಾಕಿ ಬಡಿಸಿದೆ."

"ಆತ ಕಂಪನಿಯವನೆಂದು ನಿಮಗೆ ಹೇಗೆ ಗೊತ್ತು?"

"ಒಲೆಯ ಮೇಲೆ ಕೆಂಪು ಹುಂಜದ ಚಿತ್ರ ಇತ್ತು. ಅವನ ಅಂಗಿಯ ಮೇಲೂ, ಲಾರಿಯ ಮೇಲೂ ಅದೇ ಹುಂಜ. ಮತ್ತೆ ಅವನೇ ಹೇಳಿದ. ಪ್ರತಿ ಶನಿವಾರ ಸೇತುವೆ ದಾಟಿ ಮದುವೆಗಳಿಗೆ ಒಲೆ ತರ್ತೇನೆ ಅಂತ. ನನ್ನ ಇಂಗ್ಲಿಷಿಗೆ ಅಷ್ಟು ತಿಳೀತದೆ."

ಕಂಪನಿಯ ವಕೀಲರ ಸಭ್ಯತೆ ಈಗ ತೆಳುವಾಯಿತು. ಅವರು ಹಳೆಯ ಹೇಳಿಕೆಯನ್ನು ಬೆರಳಿನಿಂದ ತಟ್ಟಿದರು. ಪ್ರಮಾಣ ಮಾಡಿ ವ್ಯವಹಾರ ಇರಲಿಲ್ಲ ಎಂದವರು ಈಗ ಹೀಗೆ ಹೇಳುತ್ತಿದ್ದೀರಿ. ಸುಳ್ಳು ಹೇಳಿದ್ದು ಆಗಲೋ ಈಗಲೋ ಎಂದು ಕೇಳಿದರು. ರೂತ್ ಆಕ್ಷೇಪಿಸಿದರು. ಆದರೂ ಉತ್ತರ ಕೊಡಲೇಬೇಕಿತ್ತು. ಅಪ್ಪನ ಮಾತು ಸುಳ್ಳೆಂದು ಅಲ್ಲಿ ನಿಂತುಬಿಟ್ಟರೆ ಡ್ಯಾನಿಯೂ ಇಲ್ಲ, ಕೈಯೂ ಇಲ್ಲ.

ಅಪ್ಪ ದನಿ ಏರಿಸಲಿಲ್ಲ. "ಊಟ ಹಾಕಿದ್ದು ವ್ಯವಹಾರವಾ ಸಾರ್? ವ್ಯವಹಾರ ಉಂಟಾ ಅಂತ ಕೇಳಿದ್ರು, ಇಲ್ಲ ಅಂದೆ. ಈಗ ನೀವು ಭೇಟಿ ಆಗಿದ್ದೀರಾ ಅಂತ ಕೇಳಿದ್ರಿ, ಹೌದು ಅಂದೆ. ನನ್ನ ಕೈಯಲ್ಲಿ ಉಂಡವನ ಹೆಸರನ್ನು ನಾನಾಗಿ ತಕರಾರಿನ ಒಳಗೆ ತರುವುದಿಲ್ಲ. ಕೊಳವೆ ಕೂಡಿಸಿದವ ಅವನೇ, ನನಗೆ ಗೊತ್ತಿಲ್ಲವಾ? ಬೇಕಂತ ಸಡಿಲ ಬಿಟ್ಟಿದ್ದಾನಾ? ಉಂಡು, ಕೈಮುಗಿದು ಹೋದವ."

ಶ್ರೀಮತಿ ಪಾಟೀಲ ಅದನ್ನು ಪೂರ್ತಿ ಅನುವಾದಿಸಿದರು. ಕಂಪನಿಯ ವಕೀಲರು ಇನ್ನು ಪ್ರಶ್ನೆಗಳಿಲ್ಲ ಎಂದರು.

ಮತ್ತೆ ಅಂಧೇರಿ, ಫೋನಿನಲ್ಲಿ

ಹೊರಗೆ ಬಂದ ರೂತ್ ನಗುತ್ತಿರಲಿಲ್ಲ. ಅಪ್ಪನ ಮಾತೊಂದೇ ಸಾಲದು. ಡ್ಯಾನಿ ಎಂಬವನೇ ಇರಲಿಲ್ಲ ಎಂದು ಅವರು ಹೇಳಬಹುದು. ವಿಚಾರಣೆಯ ದಿನ ಹತ್ತಿರದಲ್ಲೇ ಇದೆ ಎಂದರು. ಬೇರೆ ಯಾರಾದರೂ ಅವನನ್ನು ನೋಡಿದ್ದಾರೆಯೇ ಎಂದು ಕೇಳಿದರು.

ಅಪ್ಪನ ತಂಡದಲ್ಲಿ ಸುಧಾಕರಣ್ಣ ಎಂಬ ಸಹಾಯಕ ಅಡುಗೆಯವರಿದ್ದರು. ಈಗ ಅಂಧೇರಿಯ ಒಂದು ಹೊಟೇಲಿನಲ್ಲಿದ್ದಾರೆ. ಒಲೆಗೆ ಕಾಯಿ ಒಡೆಯುವುದನ್ನು ಊರಿಗೆ ಕಳುಹಿಸಲೆಂದು ಅವರು ಮೊಬೈಲಿನಲ್ಲಿ ಚಿತ್ರ ತೆಗೆಯುವ ರೂಢಿ ಇಟ್ಟುಕೊಂಡಿದ್ದಾರೆಂದು ಅಪ್ಪ ಹೇಳಿದರು. ನಾನು ಅಲ್ಲೇ ಮೆಟ್ಟಿಲ ಮೇಲೆ ನಿಂತು ತಮ್ಮನಿಗೆ ಫೋನ್ ಮಾಡಿದೆ. ಸುಧಾಕರಣ್ಣ ಕರೆ ಎತ್ತದಿದ್ದರೆ ಹೊಟೇಲಿಗೇ ಹೋಗು, ಅಲ್ಲಿಲ್ಲದಿದ್ದರೆ ಮನೆಗೆ ಹೋಗು, ಸಿಗುವ ತನಕ ಹಿಂದಿರುಗಬೇಡ ಎಂದೆ. ನನ್ನ ದನಿ ನನಗೇ ಪರಿಚಯವಿಲ್ಲದಂತಿತ್ತು.

ಮರುದಿನ ನಾವು ಬ್ರೆಡ್ ತಿನ್ನುತ್ತಿದ್ದಾಗ ಅವನ ಕರೆ ಬಂತು. ಹಿನ್ನೆಲೆಯಲ್ಲಿ ರಿಕ್ಷಾಗಳ ಹಾರ್ನ್, ಯಾರೋ ಚಹಾಕ್ಕೆ ಕೂಗುವುದು. ನನ್ನ ಜೀವಕ್ಕೆ ನೀರು ಸಿಕ್ಕಿದಂತಾಯಿತು.

"ಅಕ್ಕ, ಮಿಲ್ ಗಯಾ, ಸಿಕ್ತು! ಸುಧಾಕರಣ್ಣನ ಪುರಾನಾ ಫೋನ್, ಸ್ಕ್ರೀನ್ ಪೂರಾ ಒಡೆದಿದೆ, ಆದ್ರೆ ವಿಡಿಯೋ ಇದೆ. ಆ ಗೋರಾ ಡ್ರೈವರ್ ಎಲೆ ಮುಂದೆ ಕೂತಿದ್ದಾನೆ. ಹಣೆಗೆ ಇಷ್ಟು ದೊಡ್ಡ ಕುಂಕುಮ! ಸಾರು ಮೊಣಕೈ ತಕ್ ಇಳೀತಾ ಇದೆ. ಅಪ್ಪ ಮತ್ತೆ ಮತ್ತೆ ಹಾಕ್ತಾ ಇದ್ದಾರೆ, ಅವನು ಬಸ್ ಬಸ್ ಅಂತ ಎಲೆ ಮೇಲೆ ಕೈ ಅಡ್ಡ ಹಿಡೀತಾನೆ."

"ಲಾರಿ? ಲಾರಿ ಕಾಣಿಸುತ್ತದೆಯೇ?"

"ಕಾಣ್ತದೆ. ಮುರ್ಗಾ ಛಾಪ್, ಕೆಂಪು ಹುಂಜ. ಹಿಂದೆ ಮದುವೆ ಹಾಲ್‌ನ ಬೋರ್ಡ್ ಕೂಡ."

ಅಪ್ಪ ಫೋನ್ ಕಿತ್ತುಕೊಂಡು, "ಸುಧಾಕರ ಅಲ್ಲೇ ಇದ್ದಾನಾ? ಅವನಿಗೆ ಹೇಳು, ಅವತ್ತಿನ ಸಾರಿಗೆ ಉಪ್ಪು ಸ್ವಲ್ಪ ಮುಂದಾಗಿತ್ತು ಅಂತ" ಎಂದರು. ಆ ಕಡೆಯಿಂದ ಸುಧಾಕರಣ್ಣನ ದನಿ ಕೇಳಿತು: "ಉಂಡವ ಎಂತ ಹೇಳ್ಲಿಲ್ಲ ಮಾರಾಯ್ರೆ, ನೀವು ಈಗ ಹೇಳ್ತೀರಿ!"

ವಿಡಿಯೋ ಸಿಕ್ಕಿದ ಮೇಲೆ ರೂತ್ ಡ್ಯಾನಿಯನ್ನು ಹುಡುಕಿ ತೆಗೆದರು. ಆತ ಆ ಕಂಪನಿಯನ್ನು ಬಿಟ್ಟು ಈಗ ಶಾಲಾ ಬಸ್ ಓಡಿಸುತ್ತಿದ್ದ. ಅವನ ಕೆಲಸಕ್ಕೆ ಏನೂ ತೊಂದರೆಯಾಗುವುದಿಲ್ಲವೇ ಎಂದು ಅಪ್ಪ ಮೊದಲು ಕೇಳಿದರು; ಇಲ್ಲವೆಂದ ಮೇಲೆಯೇ ಕಾಫಿ ಕುಡಿದರು. ಅಪಘಾತವಾದ ಸಂಗತಿಯನ್ನು ಡ್ಯಾನಿಗೆ ಯಾರೂ ತಿಳಿಸಿಯೇ ಇರಲಿಲ್ಲವಂತೆ. ಮಾಲೀಕರ ಅಪ್ಪಣೆಯಂತೆ ವಾರವಾರವೂ ನದಿ ದಾಟಿ ಒಲೆಗಳನ್ನು ತಂದು ಜೋಡಿಸುತ್ತಿದ್ದೆ ಎಂದು ಆತ ಪ್ರಮಾಣ ಮಾಡಿ ಹೇಳಿಕೆ ಕೊಟ್ಟ.

ನ್ಯಾಯಾಲಯ

ನ್ಯಾಯಾಧೀಶರು ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡ ಹಿರಿಯ ಮಹಿಳೆ. ಕಂಪನಿಯ ವಕೀಲರು ತಮ್ಮ ವಾದವನ್ನು ಬಿಡಲಿಲ್ಲ. ಅದು ಒಬ್ಬ ನೌಕರನ ಉಪಕಾರ, ಕಂಪನಿಯ ವ್ಯಾಪಾರವಲ್ಲ ಎಂದರು. ನ್ಯಾಯಾಧೀಶರು ವಿಡಿಯೋ ನೋಡಿದರು. ಎಲೆಯ ಮೇಲೆ ಕೈ ಅಡ್ಡ ಹಿಡಿಯುವ ಭಾಗ ಬಂದಾಗ ಅವರ ತುಟಿಯ ಅಂಚಿನಲ್ಲಿ ನಗು ಸುಳಿದದ್ದನ್ನು ನಾನು ಕಂಡೆ.

"ನಿಮ್ಮ ಕಡೆಯ ಯಾರೂ ನದಿ ದಾಟಿಲ್ಲವೆಂದು ಪ್ರಮಾಣ ಮಾಡಿದ್ದೀರಿ," ಎಂದರು ಆಕೆ. "ಹಾಗಾದರೆ ಈ ಲಾರಿ ತಾನಾಗಿಯೇ ಸೇತುವೆ ದಾಟಿತೇ?"

ಡ್ಯಾನಿ ಅಂದು ಕರೆಯದೆಯೇ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದ. ಪ್ರಕರಣ ಮುಗಿಯುವ ತನಕ ಮಾತನಾಡಕೂಡದೆಂದು ರೂತ್ ಎಚ್ಚರಿಸಿದ್ದರು. ಹೊರಗೆ ಮೊಗಸಾಲೆಯಲ್ಲಿ ಇಬ್ಬರೂ ಎದುರುಬದುರಾದರು. ಅಪ್ಪ ಕೈ ಜೋಡಿಸಿದರು. ಒಂದು ಕೈ ನೆಟ್ಟಗೆ, ಇನ್ನೊಂದು ಮಡಚಿದ್ದು. ಡ್ಯಾನಿ ಆ ಕೈಯನ್ನೇ ನೋಡಿದ. ತಾನೂ ಕೈ ಜೋಡಿಸಿದ. ಇಬ್ಬರೂ ಒಂದು ಮಾತನ್ನೂ ಆಡಲಿಲ್ಲ. ಅಪ್ಪ ಜೀವಮಾನದಲ್ಲಿ ಹಾಗೆ ಸುಮ್ಮನಿದ್ದದ್ದನ್ನು ನಾನು ಬೇರೆ ಎಂದೂ ಕಂಡಿಲ್ಲ.

ಮರಳಿ ಮನೆಗೆ

ಆದೇಶ ಬರುವಾಗ ನಾವು ಆಂಟಾಪ್ ಹಿಲ್‌ನಲ್ಲಿದ್ದೆವು. ವಜಾ ಮಾಡಬೇಕೆಂಬ ಕೋರಿಕೆಯನ್ನು ನ್ಯಾಯಾಲಯ ತಳ್ಳಿಹಾಕಿತ್ತು. ಕಂಪನಿ ಸ್ವಇಚ್ಛೆಯಿಂದ ಆ ರಾಜ್ಯಕ್ಕೆ ವಾರವಾರ ವ್ಯಾಪಾರಕ್ಕೆ ಬರುತ್ತ, ಅಲ್ಲಿ ಆದ ಹಾನಿಗೆ ಅಲ್ಲಿ ಉತ್ತರಿಸುವುದಿಲ್ಲ ಎನ್ನುವಂತಿಲ್ಲ ಎಂದು ಬರೆದಿದ್ದರು. ನಾನು ಓದಿ ಹೇಳಿದೆ. ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಅಪ್ಪ, "ಅಂದರೆ ಗೆದ್ದೆವಾ?" ಎಂದರು.

"ಇಲ್ಲ ಅಪ್ಪ. ಈಗ ಕೇಸು ಶುರುವಾಗುತ್ತದೆ."

"ಇಷ್ಟು ದಿನ ಎಂತ ನಡೀತಿತ್ತು ಹಾಗಾದರೆ?"

"ಬಾಗಿಲು ತಟ್ಟುವುದು."

ಒಳಗೆ ಹೋದ ಮೇಲೆ ಹೆಚ್ಚು ಸಮಯ ಹಿಡಿಯಲಿಲ್ಲ. ಒಲೆಯ ಕೊಳವೆಯ ಬಗ್ಗೆ ವಾದಿಸಲು ಕಂಪನಿಯಲ್ಲಿ ಹೆಚ್ಚೇನೂ ಇರಲಿಲ್ಲ. ಅವರ ವಿಮಾ ಕಂಪನಿಯವರು ಪರಿಹಾರ ಕೊಡಲು ಒಪ್ಪಿ ರಾಜಿಗೆ ಬಂದರು. ಅಪ್ಪ ಒಪ್ಪಿದರು, ನಾವೂ ಒಪ್ಪಿದೆವು.

ಆಮೇಲೆ ನಮ್ಮ ಮನೆಯಲ್ಲಿ ಆದ ಬದಲಾವಣೆ ಇಷ್ಟು. ಅಪ್ಪನ ಕೈಗೆ ಶಸ್ತ್ರಚಿಕಿತ್ಸೆ ಆಯಿತು. ಹೆಬ್ಬೆರಳು, ತೋರುಬೆರಳು ಮತ್ತು ನಡುಬೆರಳು ಬಿಚ್ಚಿಕೊಂಡವು. ಉಳಿದ ಎರಡು ಹಾಗೆಯೇ ಉಳಿದವು, ಅವು ಇನ್ನು ಸರಿಯಾಗುವುದಿಲ್ಲ. ದೊಡ್ಡ ಪಾತ್ರೆ ಇಳಿಸಲಾರರು. ಆದ್ದರಿಂದ ಮದುವೆ ಅಡುಗೆಗೆ ಹೋಗುವುದನ್ನು ಬಿಟ್ಟು, ಸುಧಾಕರಣ್ಣ ಕೆಲಸ ಮಾಡುವ ಹೊಟೇಲಿನಲ್ಲಿ ಬೆಳಗಿನ ಹೊತ್ತು ಅಡುಗೆಮನೆಯ ಮೇಲ್ವಿಚಾರಣೆಗೆ ಹೋಗುತ್ತಾರೆ. ಅಪಘಾತದ ನಂತರ ವಿಲೆ ಪಾರ್ಲೆಯ ಮನೆಗಳಲ್ಲಿ ಅಡುಗೆಗೆ ಹೋಗುತ್ತಿದ್ದ ಅಮ್ಮ ಆ ಕೆಲಸ ಬಿಟ್ಟಿದ್ದಾರೆ. ತಮ್ಮ ಕಾಲೇಜು ಮುಂದುವರಿಸಿದ್ದಾನೆ. ಮನೆ ಅದೇ, ಬಿಲ್ಡಿಂಗ್ ಅದೇ. ಮೊದಲು ಅಪ್ಪನ ಅಂಗಿಯ ಗುಂಡಿಗಳನ್ನು ಅಮ್ಮ ಹಾಕಿಕೊಡುತ್ತಿದ್ದರು. ಈಗ ಅಪ್ಪ ತಾವೇ ಹಾಕಿಕೊಳ್ಳುತ್ತಾರೆ.